ರೊಟ್ಟಿಯಲ್ಲಿ ಬೆಂದ ಸ್ಪ್ರಿಂಗ್

ಗಂಡಸರಿಗೆ ಒಂದು ವಯಸ್ಸಿನಲ್ಲಿ ‘ಇದೇನು ಮಹಾ’ ಎಂಬ ಕಾಯಿಲೆ ಹತ್ತಿಕೊಳ್ಳುತ್ತದೆ. ನಮ್ಮ ಯಜಮಾನರಿಗೂ ಹತ್ತಿತ್ತು, ದೇವರು ಅವರ ಮೇಲೆ ಕರುಣೆ ಇಡಲಿ. ಆ ಕಾಯಿಲೆಯಲ್ಲೇ ಅವರು ಒಮ್ಮೆ ಮಾಳಿಗೆಯ ಸೋರಿಕೆ ರಿಪೇರಿ ಮಾಡಿದರು. ಆ ಚಳಿಗಾಲ ಪೂರ್ತಿ ನಾನು ಅಡಿಗೆಮನೆಯಲ್ಲಿ ಛತ್ರಿ ಹಿಡಿದುಕೊಂಡು ಸಾರು ಕುದಿಸಿದೆ. ಆದರೆ ಎದುರು ಮನೆಯ ಬೂಶ್ತಾನಿಗೆ ಬಂದಷ್ಟು ಜೋರಾಗಿ ಆ ಕಾಯಿಲೆ ನಮ್ಮ ಸೆಫ್ರೂ ಊರಿನಲ್ಲಿ ಇನ್ನಾರಿಗೂ ಬಂದಿಲ್ಲ. ನದಿಯ ಈ ದಡದಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ದಡದಲ್ಲೂ ಕೇಳಿ.

ಬೂಶ್ತಾ ಕೆಟ್ಟವನಲ್ಲ. ಪುರಸಭೆಯಲ್ಲಿ ಕೂತು ಜನನ ಪತ್ರಗಳಿಗೆ ಮೊಹರು ಒತ್ತುತ್ತಾನೆ. ಮೊಹರು ತಲೆಕೆಳಗಾಗಿ ಬಿದ್ದರೆ ಪತ್ರವನ್ನೇ ತಿರುಗಿಸಿ ಕೊಟ್ಟು, “ಈಗ ನೋಡಿ, ಸರಿಯಾಗಿದೆ” ಅನ್ನುತ್ತಾನೆ. ಅವನ ಕೈಗೂ ಕೆಲಸಕ್ಕೂ ಹುಟ್ಟಿನಿಂದ ಆಗಿಬರುವುದಿಲ್ಲ, ಅಷ್ಟೆ. ಅವನ ಹೆಂಡತಿ ಬತೂಲ್ ಅದಕ್ಕೆ ಸರಿಯಾಗಿ ನಾಲ್ಕು ಜನರ ಕೆಲಸ ಒಬ್ಬಳೇ ಮಾಡುವವಳು. ಬತೂಲ್‌ಳ ತಂದೆ, ಹಜ್ ಯಾತ್ರೆ ಮಾಡಿಬಂದ ಹಾಜ್ ಮೀಲೂದ್, ಒಂದು ಕಾಲದಲ್ಲಿ ಸೈಕಲ್ ರೇಸಿನಲ್ಲಿ ದೇಶ ಸುತ್ತಿದವರು. ಈಗಲೂ, ಎಪ್ಪತ್ತು ದಾಟಿದ ಮೇಲೂ, ಭಾನುವಾರ ಬಂತೆಂದರೆ ಬಿಳಿ ಕಾಲುಚೀಲ ಏರಿಸಿ ತಮ್ಮಂಥದೇ ಹಳೇ ಹುಲಿಗಳ ಜೊತೆ ಇಮೂಝರ್ ಗುಡ್ಡದ ಏರು ಹತ್ತುತ್ತಾರೆ. ಮಗಳ ಮದುವೆಯಾಗಿ ಇಷ್ಟು ವರ್ಷವಾದರೂ ಈ ಹಾಜ್ ಅಳಿಯನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಅವನು ಎದುರಿಗೇ ಕೂತಿರುತ್ತಿದ್ದ, ಇವರು “ಬತೂಲ್ ಗಂಡನಿಗೆ ಚಹಾ ಕೊಡಿ” ಅನ್ನುತ್ತಿದ್ದರು.

ಆ ಸಲ ಹಾಜ್ ಅವರ ಸೈಕಲ್ಲಿನ ಬಲಗೈ ಲಿವರ್ ಸವೆದುಹೋಗಿತ್ತು. ಬ್ರೇಕೂ ಅದೇ, ಗೇರು ಬದಲಿಸುವುದೂ ಅದೇ. ಏರಿನ ನಡುವೆ ಮುದುಕ ಎದ್ದು ನಿಂತು ತುಳಿಯುತ್ತಿದ್ದರೆ ಗೇರು ತನ್ನಷ್ಟಕ್ಕೇ ಜಾರಿ, ಮೊಣಕಾಲು ಹೋಗಿ ಹ್ಯಾಂಡಲಿಗೆ ಬಡಿಯುತ್ತಿತ್ತು. ಅಂಗಡಿಯವನು ನೋಡಿ, “ಬಿಸಾಕಿ, ಹೊಸದು ಹಾಕಿಸ್ಕೊಳ್ಳಿ” ಅಂದ. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಬಗ್ಗೆ ಹಾಗೆ ಹೇಳಿದ್ದರೂ ಹಾಜ್ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಕೊನೆಗೆ ಇಟಲಿಯಲ್ಲಿರುವ ಹಳೇ ಸ್ನೇಹಿತರೊಬ್ಬರು ರಜೆಗೆ ಬಂದಾಗ ಒಳಗಿನ ಸ್ಪ್ರಿಂಗುಗಳನ್ನು ಜೇಬಿನಲ್ಲಿ ಹಾಕಿಕೊಂಡು ತಂದುಕೊಟ್ಟರು. ಒಂದು ಜೊತೆ. ಉಗುರಿನಷ್ಟೂ ಇಲ್ಲದ, ಕೊಕ್ಕೆಯ ಹಾಗೆ ಬಗ್ಗಿದ ತಂತಿ. ತಂದದ್ದೇನೋ ಆಯಿತು, ಹಾಕುವವರು ಯಾರು? ಹಾಜ್ ಅವರ ಕೈ ನಡುಗುತ್ತದೆ, ಕಣ್ಣಿಗೂ ಮಂಜು.

“ಇದೇನು ಮಹಾ!” ಅಂದ ಬೂಶ್ತಾ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು.

ಹಾಜ್ ತಿರುಗಿ ನೋಡಿದರು. “ನೀನಾ?”

“ನಾನೇ. ಬಿಚ್ಚೋದು, ಹಾಕೋದು, ಮುಚ್ಚೋದು. ಫೋನಲ್ಲಿ ಎಲ್ಲಾ ತೋರಿಸ್ತಾರೆ.”

“ಭಾನುವಾರ ಸವಾರಿ ಇದೆ.”

“ಶುಕ್ರವಾರಕ್ಕೇ ರೆಡಿ ಮಾಡ್ಕೊಡ್ತೀನಿ.”

ಹಾಜ್ ಲಿವರನ್ನು ಕರವಸ್ತ್ರದಲ್ಲಿ ಸುತ್ತಿ, ಕೂಸನ್ನು ಕೊಟ್ಟ ಹಾಗೆ ಅವನ ಕೈಗೆ ಕೊಟ್ಟರು. ನಾನು ಅಲ್ಲೇ ಇದ್ದೆ, ಸಕ್ಕರೆ ಕೇಳಲು ಹೋಗಿದ್ದೆ. ಬತೂಲ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಆ ಶುಕ್ರವಾರ ಎಂಥ ಶುಕ್ರವಾರ ಅನ್ನುವುದನ್ನು ಮೊದಲು ಹೇಳಬೇಕು. ಬೂಶ್ತಾನ ಪಕ್ಕದ, ಓಣಿಯ ತುದಿಮನೆಯ ಲಲ್ಲಾ ಮನಾನಾಳ ಮಗಳು ಹನೀಯಾಳನ್ನು ಕೇಳಲು ಅಂದೇ ಗಂಡಿನವರು ಬರುವುದಿತ್ತು. ಬಂದು ಫಾತಿಹಾ ಓದಿ ಮದುವೆ ನಿಶ್ಚಯ ಮಾಡಿಕೊಂಡು ಹೋಗುವುದು. ಹುಡುಗ ಜವಾದ್, ನದಿಯಾಚೆಯವನು, ಔಷಧಿ ಅಂಗಡಿಯಲ್ಲಿ ಕೆಲಸ. ಅವನಿಗೊಂದು ಕೆಲಸ ಸಿಗಲಿ ಎಂದು ಹನೀಯಾ ಬಂದ ಸಂಬಂಧಗಳನ್ನೆಲ್ಲ ತಲೆನೋವು, ಹಲ್ಲುನೋವು ಅಂತ ವಾಪಸು ಕಳಿಸಿ ಕಾದಿದ್ದ ಹುಡುಗಿ. ಅವಳ ಅಪ್ಪ ಇಲ್ಲ; ಹಾಗಾಗಿ ಇಡೀ ಓಣಿಯೇ ಅವಳ ಅಪ್ಪ. ಬರುವ ನೆಂಟರು ಜಾಸ್ತಿ, ಮನಾನಾಳ ಮನೆಯ ರೊಟ್ಟಿ ಸಾಲದು. ನಮ್ಮಲ್ಲಿ ಅಂಥ ದಿನ ಪ್ರತಿ ಮನೆಯವರೂ ತಮ್ಮ ರೊಟ್ಟಿಯ ಜೊತೆ ಇನ್ನಷ್ಟು ತಟ್ಟಿ, ಎಲ್ಲರ ರೊಟ್ಟಿ ಬೇಯಿಸುವ ಓಣಿಯ ಒಲೆಮನೆಯಿಂದ ನೇರ ಆ ಮನೆಗೆ ಕಳಿಸುತ್ತಾರೆ.

ಬತೂಲ್ ಬೆಳಗ್ಗೆಯೇ ಹಿಟ್ಟು ನಾದಿ, ರೊಟ್ಟಿ ಹಲಗೆಯ ಮೇಲೆ ಬಟ್ಟೆ ಹಾಸಿ, ರವೆ ಉದುರಿಸಿ, ಹಿಟ್ಟು ತರಲು ಒಳಗೆ ಹೋದಳು. ರಜೆ ಹಾಕಿ ಮನೆಯಲ್ಲಿದ್ದ ಬೂಶ್ತಾನ ಕಣ್ಣು ಹಲಗೆಯ ಮೇಲೆ ಬಿತ್ತು. ಸುತ್ತಲೂ ಅಂಚು, ಮೇಲೆ ಬಟ್ಟೆ. ಸಣ್ಣ ಸಾಮಾನು ಉರುಳಿ ಹೋಗುವ ಮಾತೇ ಇಲ್ಲ! ಫೋನಿನಲ್ಲಿದ್ದ ಮನುಷ್ಯನೂ ಬಟ್ಟೆಯ ಮೇಲೇ ಬಿಚ್ಚಿದ್ದನಂತೆ. ಇವನು ಬಿಚ್ಚಿದ. ಬಳೆಗಳು, ಬಿಲ್ಲೆಗಳು, ಹಲ್ಲುಚಕ್ರ ಎಲ್ಲವನ್ನೂ ಸಾಲಾಗಿ ಜೋಡಿಸಿ, ತುದಿಯಲ್ಲಿ ಹೊಸ ಸ್ಪ್ರಿಂಗುಗಳನ್ನಿಟ್ಟು, ಹಿಂದಕ್ಕೆ ಸರಿದು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡ.

“ನನ್ನ ರೊಟ್ಟಿ ಬಟ್ಟೆ ಮೇಲೆ ಗ್ರೀಸು!”

ಈ ಕೂಗು ನನ್ನ ಅಡಿಗೆಮನೆಗೇ ಕೇಳಿಸಿತು. ಬೂಶ್ತಾ ಗಡಬಡಿಸಿ ಎಲ್ಲವನ್ನೂ ಟೋಪಿಯೊಳಗೆ ಬಾಚಿಕೊಂಡ. ಬತೂಲ್ ಬಟ್ಟೆಯನ್ನು ಮಗುಚಿ ಹಾಸಿ, ಬಿದ್ದ ರವೆಯನ್ನು ಮತ್ತೆ ಅದರ ಮೇಲೇ ಹರಡಿ, ಹಿಟ್ಟನ್ನು ತಟ್ಟಿ, ತನ್ನ ಮನೆಯ ಗುರುತೆಂದು ಪ್ರತಿ ರೊಟ್ಟಿಗೂ ನಡುವೆ ಮೂರು ಚುಕ್ಕಿ ಚುಚ್ಚಿದಳು. “ನಿಂತ್ಕೊಂಡು ನೋಡ್ತೀಯಲ್ಲ, ತಗೊಂಡ್ಹೋಗು ಒಲೆಮನೆಗೆ!” ಅಂತ ಹಲಗೆಯನ್ನು ಗಂಡನ ತಲೆಯ ಮೇಲೇ ಇಟ್ಟಳು. ಅವನು ಬಹಳ ವಿಧೇಯನಾಗಿ ಹೊತ್ತುಕೊಂಡು ಹೋಗಿ ಕೊಟ್ಟುಬಂದ.

ಬಂದು ಕೂತು ಟೋಪಿ ಸುರಿದರೆ ಒಂದು ಸ್ಪ್ರಿಂಗ್ ಇದೆ, ಇನ್ನೊಂದು ಇಲ್ಲ. ಜಮಖಾನೆ ಎತ್ತಿದ, ಚಪ್ಪಲಿ ಒದರಿದ, ಬೆಕ್ಕಿನ ಬಾಯಿ ತೆಗೆಸಿ ನೋಡಿದ. ಆಮೇಲೆ ನಿಧಾನವಾಗಿ ಅವನ ಮುಖ ರವೆಯ ಬಣ್ಣಕ್ಕೆ ತಿರುಗಿತು.

ಒಲೆಮನೆಯ ಅಲ್ಲಾಲ್ ರೊಟ್ಟಿ ತಳ್ಳುವ ಉದ್ದನೆಯ ಮರದ ಸಲಿಕೆ ಹಿಡಿದು ಬೆಂಕಿಯ ಮುಂದೆ ನಿಂತಿದ್ದ.

“ಅಲ್ಲಾಲ್, ನಮ್ಮ ರೊಟ್ಟಿ ಹೊರಗೆ ತೆಗಿ!”

“ಈಗ ತಾನೇ ಹಾಕಿದೀನಲ್ಲಪ್ಪಾ.”

“ಬೇಗ ತೆಗಿ, ಅದರೊಳಗೆ ಒಂದು… ನಾನು ನೋಡ್ಬೇಕು.”

“ರೊಟ್ಟಿ ನೋಡೋಕೆ ಬಂದ ಗಂಡಸನ್ನ ಇವತ್ತೇ ನೋಡಿದ್ದು. ಹೆಣ್ಣು ನೋಡೋಕೆ ಹೋಗೋ ಹಾಗೆ ಹೊರಗೆ ಕೂತ್ಕೋ, ಬೆಂದ ಮೇಲೆ ಕರೀತೀನಿ.”

ಬೆಂದ ಮೇಲೆ ಅಲ್ಲಾಲ್, ಬೂಶ್ತಾನ ಮನೆಯ ಪಾಲಿನ ರೊಟ್ಟಿಗಳನ್ನು ಮಾತ್ರ ಅವನ ಕೈಗೆ ಹಾಕಿದ. ಉಳಿದವು ಆಗಲೇ ಮನಾನಾಳ ಮನೆಗೆ ಹೋಗಿದ್ದವು, ಬತೂಲ್ ಹಾಗೇ ಹೇಳಿದ್ದಳು. ಬೂಶ್ತಾ ಬಿಸಿ ರೊಟ್ಟಿಗಳನ್ನು ದಾರಿಯಲ್ಲೇ ಮುರಿಮುರಿದು ನೋಡಿದ. ಬೆರಳು ಸುಟ್ಟಿತು, ಸ್ಪ್ರಿಂಗ್ ಸಿಗಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಎದುರಿನಿಂದ ಹಾಜ್ ಮೀಲೂದ್ ಬಂದರು.

“ಆಯ್ತಾ?”

“ಆಯ್ತು! ಹೊಸದರ ಹಾಗೆ ಟಕ್ ಟಕ್ ಅಂತಿದೆ!” ಅಂದುಬಿಟ್ಟ ಪುಣ್ಯಾತ್ಮ, ರೊಟ್ಟಿಯ ಚೂರುಗಳನ್ನು ಎದೆಗೆ ಒತ್ತಿಕೊಂಡು.

ಹಾಜ್ ಅವರಿಗೆ ಎಂಥ ಸಂತೋಷ! ಮಸೀದಿಯ ಮೆಟ್ಟಿಲ ಮೇಲೆ, ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲ ಕಡೆ ಹೇಳಿಕೊಂಡು ಬಂದರಂತೆ: “ಅಂಗಡಿಯವನು ಆಗಲ್ಲ ಅಂದದ್ದನ್ನ ನಮ್ಮ ಬತೂಲ್ ಗಂಡ ಮಾಡಿದಾನೆ.”

ಮಧ್ಯಾಹ್ನದ ನಂತರ ಗಂಡಿನವರು ಸೇತುವೆ ದಾಟಿ ಬಂದರು. ನೀಲಿ ಕಾಗದ ಸುತ್ತಿದ ಸಕ್ಕರೆ ಗೋಪುರಗಳು, ಹಾಲು, ಖರ್ಜೂರ, ಮುಂದುಗಡೆ ಜವಾದನ ತಾಯಿ, ಅವಳೂ ಹಜ್ ಮಾಡಿಬಂದವಳು, ಹಾಜ್ಜಾ ತಾಮು. ಈ ಹಾಜ್ಜಾ ಎಂಥವಳೆಂದರೆ ಯಾರ ಮನೆಗೆ ಹೋದರೂ ಮೊದಲು ದೀಪದ ಮೇಲಿನ ಧೂಳು ನೋಡುವವಳು, ಆಮೇಲೆ ಮನೆಯವರನ್ನು ನೋಡುವವಳು. ಗಂಡಸರು ಹೊರಗಿನ ಕೋಣೆಯಲ್ಲಿ, ಹೆಂಗಸರು ಒಳಗಿನ ಕೋಣೆಯಲ್ಲಿ. ಬಡಿಸುವುದು ನನ್ನ ಪಾಲಿಗೆ ಬಂದದ್ದರಿಂದ ಎರಡೂ ಕಡೆಯದ್ದು ನನಗೆ ಗೊತ್ತು. ಬಾರದಿದ್ದರೂ ಗೊತ್ತಿರುತ್ತಿತ್ತು ಅನ್ನಿ.

ಕೋಳಿಯ ತಟ್ಟೆ ಇಟ್ಟು ರೊಟ್ಟಿ ಹಂಚಿದ್ದೇ ತಡ, ಬೂಶ್ತಾ ಶುರುಮಾಡಿದ. ಮೂರು ಚುಕ್ಕಿಯ ರೊಟ್ಟಿ ಎಲ್ಲಿ ಕಂಡರೂ ಕೈಚಾಚಿ ಎಳೆದುಕೊಳ್ಳುವುದು, ಮುರಿಯುವುದು, ಹಿಚುಕಿ ನೋಡುವುದು. ಗಂಡಿನ ಚಿಕ್ಕಪ್ಪನ ಮುಂದಿನದನ್ನು ಕಿತ್ತುಕೊಂಡ. ಫಾತಿಹಾ ಓದಲು ಬಂದಿದ್ದ, ತಾಯತ ಬರೆಯುವ ಫಕೀ ಕೈಗೆತ್ತಿಕೊಂಡಿದ್ದನ್ನೂ ಬಿಡಲಿಲ್ಲ.

“ಏನಪ್ಪಾ ಇದು?” ಅಂದರು ಹಾಜ್, ಹಲ್ಲು ಕಚ್ಚಿಕೊಂಡು.

“ಬಿಸಿ ಇದೆಯಾ ಅಂತ ನೋಡ್ತಿದ್ದೆ ಹಾಜ್.”

“ತಿನ್ನಲಿ ಬಿಡಿ, ತಿನ್ನಲಿ ಬಿಡಿ,” ಗಂಡಿನ ಚಿಕ್ಕಪ್ಪ ಕರುಣೆಯಿಂದ ತನ್ನ ಪಾಲಿನ ಕೋಳಿಯ ತೊಡೆಯನ್ನೂ ಅವನ ಕಡೆ ತಳ್ಳಿದ. “ಮನೇಲಿ ಹೊಟ್ಟೆಗೆ ಸರಿಯಾಗಿ ಹಾಕಲ್ವೋ ಏನೋ, ಪಾಪ.”

ಹಾಜ್ ಅವರ ಕಿವಿ ಕೆಂಪಾಯಿತು. ಹೊಟ್ಟೆಗೆ ಹಾಕಬೇಕಾದವಳು ಅವರ ಮಗಳಲ್ಲವೇ?

ಬೂಶ್ತಾ ಎದ್ದು ನಡುಮನೆಯಲ್ಲಿ ನನ್ನ ತಟ್ಟೆಗೆ ಅಡ್ಡ ನಿಂತ. “ಯಾಮ್ನಾ ಚಿಕ್ಕಮ್ಮಾ, ಹೆಂಗಸರ ಕಡೆ ಮೂರು ಚುಕ್ಕಿ ರೊಟ್ಟಿ ಹೋಗಿದ್ಯಾ?”

“ಹೋಗಿದೆ, ಯಾಕೆ?”

“ಅದನ್ನ ಇಲ್ಲಿ ತಂದ್ಕೊಡು, ನಿನ್ನ ಕಾಲಿಗೆ ಬೀಳ್ತೀನಿ.”

“ಹಾಜ್ಜಾ ತಾಮು ಬಾಯಿಂದ ಕಿತ್ಕೊಂಡು ಬರ್ಲೇನೋ? ನಿನಗೇನು ಬಂದಿದೆ ಇವತ್ತು?”

ನಾನು ಹೀಗೆ ಕೇಳುತ್ತಿರುವಾಗಲೇ ಒಳಗಿನಿಂದ ಕಿರುಚಿದ್ದು ಕೇಳಿಸಿತು. ತಟ್ಟೆ ಅವನ ಕೈಗೇ ಕೊಟ್ಟು ಓಡಿದೆ. ಹಾಜ್ಜಾ ತಾಮು ದವಡೆ ಹಿಡಿದುಕೊಂಡು ಕೂತಿದ್ದಾಳೆ, ಇನ್ನೊಂದು ಕೈಯ ಎರಡು ಬೆರಳ ನಡುವೆ ಬಗ್ಗಿದ ಕಬ್ಬಿಣದ ತಂತಿ. ಅನ್ನ ರೊಟ್ಟಿಯಲ್ಲಿ ಮದ್ದಿಟ್ಟು ಅತ್ತೆಯರ ಬಾಯಿ ಕಟ್ಟಿಸುವುದು ನಮ್ಮ ಕಡೆ ಹೆಂಗಸರಿಗೆ ಹೊಸ ವಿಷಯವೇನಲ್ಲ. ಮಾಡಿಸಿದವರು ಯಾರೂ ಇಲ್ಲ, ನಂಬದವರೂ ಯಾರೂ ಇಲ್ಲ.

“ಮಾಟ!” ಅಂದಳು ಹಾಜ್ಜಾ. “ಮದುವೆಗೆ ಮುಂಚೇನೇ ನನ್ನ ನಾಲಿಗೆ ಕಟ್ಟಿಸೋಕೆ ಹೊರಟಿದೀಯಾ, ಮನಾನಾ?”

ಮನಾನಾ ಆಗ ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಅವಳೂ ನಮ್ಮ ಓಣಿಯವಳೇ ತಾನೇ!

“ನಿನ್ನ ನಾಲಿಗೆ ಕಟ್ಟೋಕೆ ಇಷ್ಟು ಚಿಕ್ಕ ತಂತಿ ಎಲ್ಲಿ ಸಾಕಾಗುತ್ತೆ ಹಾಜ್ಜಾ? ಹಡಗಿನ ಸರಪಳಿ ಬೇಕು! ಸಂಬಂಧ ಮುರಿಯೋಕೆ ನೀನೇ ತಂದು ಹಾಕಿದೀಯ!”

ಮುಗಿಯಿತು. ಬಾಯಿಗೆ ಬಾಯಿ, ಕೈಗೆ ಚಪ್ಪಲಿ. ತಂತಿಯನ್ನು ಕರವಸ್ತ್ರದಲ್ಲಿ ಹಾಕಿ ಫಕೀಗೆ ಬಾಗಿಲಲ್ಲೇ ತೋರಿಸಿದರು. ಅವನು ಮುಟ್ಟದೆ, ಬಗ್ಗಿ, ಮೂರು ಸಲ ಕೆಮ್ಮಿ, ಇದು ಬಿಗಿ ಮಾಟ, ಬೆಂಕಿಯಲ್ಲಿ ಬೆಂದದ್ದು, ಭಾರೀ ಕೈಯವನು ಮಾಡಿದ್ದು ಅಂದ. ಶುದ್ಧ ಮನಸ್ಸಿನ ಗಂಡಸೊಬ್ಬ ಇದನ್ನು ಒಯ್ದು, ಹಿಂತಿರುಗಿ ನೋಡದೆ ಹರಿಯುವ ನೀರಿಗೆ ಹಾಕಬೇಕಂತೆ. ಗಂಡಸರೆಲ್ಲ ತಮ್ಮ ತಮ್ಮ ಮನಸ್ಸಿನ ಶುದ್ಧಿಯ ಬಗ್ಗೆ ಒಮ್ಮೆಲೇ ಯೋಚನೆಗೆ ಬಿದ್ದರು.

“ನಾನು ಹಾಕಿಬರ್ತೀನಿ!” ಬೂಶ್ತಾ ಜನರ ನಡುವೆ ನುಗ್ಗಿ ಬಂದು ಕರವಸ್ತ್ರ ಕಸಿದುಕೊಂಡ. ಅವನ ಕಣ್ಣಲ್ಲಿ ನೀರು ಬೇರೆ.

“ಬತೂಲ್ ಗಂಡನಿಗೆ ಇಷ್ಟು ಧೈರ್ಯ ಇದೆ ಅಂತ ನನಗೆ ಗೊತ್ತಿರಲಿಲ್ಲ,” ಅಂದರು ಹಾಜ್, ಎಲ್ಲರಿಗೂ ಕೇಳುವ ಹಾಗೆ.

ಅವನು ನದಿಗೆ ಓಡಿದ. ಹಿಂದೆಯೇ ಗಂಡಿನವರು ಸಕ್ಕರೆ ಗೋಪುರಗಳನ್ನು ಎತ್ತಿಕೊಂಡು ಸೇತುವೆ ದಾಟಿ ಹೋದರು. ಕೊಟ್ಟ ಸಕ್ಕರೆ ವಾಪಸು ಹೋಗುವುದನ್ನು ನಾನು ಈ ಓಣಿಯಲ್ಲಿ ಅವತ್ತೇ ನೋಡಿದ್ದು. ಜವಾದ್ ಎಲ್ಲರಿಗಿಂತ ಹಿಂದೆ, ತಿರುತಿರುಗಿ ನೋಡುತ್ತಾ ಹೋದ. ಹನೀಯಾ ಹಸಿರು ಕಾಫ್ತಾನ್ ನಿಲುವಂಗಿ ತೊಟ್ಟು, ಹಾಕಿದ ಓಲೆಯನ್ನೂ ತೆಗೆಯದೆ, ಖಾಲಿ ಕೋಣೆಯಲ್ಲಿ ಕೂತುಬಿಟ್ಟಳು.

ಮರುದಿನ ಬೆಳಗ್ಗೆ ಬತೂಲ್‌ಳ ಮನೆಗೆ ಪಾತ್ರೆ ವಾಪಸು ಕೊಡಲು ಹೋದೆ. ಬೂಶ್ತಾ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಇಣುಕಿದೆ. ಟೋಪಿಯ ತುಂಬ ಸೈಕಲ್ ಸಾಮಾನು, ಅಂಗೈ ಮೇಲೆ ನಿನ್ನೆಯ ಮಾಟ.

“ಇದು ನದೀಲಿ ಇರ್ಬೇಕಿತ್ತಲ್ವೇನೋ?”

ಅವನು ಬೆಚ್ಚಿಬಿದ್ದ. “ಚಿಕ್ಕಮ್ಮಾ… ನೀರಿಗೆ ಕಲ್ಲು ಹಾಕಿ ಬಂದೆ.”

ಬತೂಲ್ ಬಂದಳು, ಅಂಗೈ ನೋಡಿದಳು, ಟೋಪಿ ನೋಡಿದಳು, ರೊಟ್ಟಿ ಹಲಗೆಯನ್ನೂ ನೋಡಿದಳು. ಅವಳಿಗೆ ಏನನ್ನೂ ಎರಡು ಸಲ ಹೇಳಬೇಕಾಗಿಲ್ಲ.

“ಹೋಗಿ ಹೇಳು,” ಅಂದಳು.

“ನಿಮ್ಮಪ್ಪನಿಗೆ ಆಗಿದೆ ಅಂತ ಹೇಳ್ಬಿಟ್ಟಿದೀನಿ. ಅವರು ಊರಿಗೆಲ್ಲ ಹೇಳಿದಾರೆ. ನಿನ್ನೆ ಮೊದಲನೇ ಸಲ ಧೈರ್ಯ ಇದೆ ಅಂದ್ರು, ನೀನು ಕೇಳಿಸ್ಕೊಂಡ್ಯಾ? ಈಗ ಇದನ್ನ ಹಾಕಿ ಮುಚ್ಚಿಬಿಟ್ರೆ ಯಾರಿಗೂ…”

“ಗೋಡೆಗೆ ಕಿವಿ ಇಟ್ಟು ಇನ್ನೊಂದನ್ನೂ ಕೇಳಿಸ್ಕೋ.”

ಗೋಡೆಗೆ ಕಿವಿ ಇಡಬೇಕಾಗಿರಲಿಲ್ಲ. ಹನೀಯಾ ಅಳುತ್ತಿದ್ದದ್ದು ಬಾಗಿಲಿಗೇ ಕೇಳುತ್ತಿತ್ತು. ಬೂಶ್ತಾ ಆ ಸ್ಪ್ರಿಂಗನ್ನೂ ಟೋಪಿಯೊಳಗೆ ಹಾಕಿದ. ಆಮೇಲೆ ಎದ್ದು, ಜೆಲ್ಲಾಬಾ ನಿಲುವಂಗಿಯನ್ನು ತಲೆಯಿಂದ ಇಳಿಬಿಟ್ಟು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟ. ಬತೂಲ್ ಅವನ ಹಿಂದೆ, ಸುದ್ದಿ ಕೇಳಿದ ಮನಾನಾ ಅವಳ ಹಿಂದೆ. ನನ್ನನ್ನು ಯಾರೂ ಕರೆಯಲಿಲ್ಲ, ಆದರೆ ಸೇತುವೆ ಸರಕಾರದ್ದು.

ಸೇತುವೆಯ ಮೇಲೆ ಹಾಜ್ ಮೀಲೂದ್ ಸಿಕ್ಕರು. ಅವರೂ ಅಲ್ಲಿಗೇ ಹೊರಟಿದ್ದರು, ಹಾಜ್ಜಾಳ ಕಾಲು ಹಿಡಿದಾದರೂ ಸಂಬಂಧ ಉಳಿಸಲು. ಬೂಶ್ತಾನ ಬೆನ್ನು ತಟ್ಟಿ, “ಬಾ, ನೀನಿದ್ರೆ ನನಗೂ ಬಲ” ಅಂದರು. ಬೂಶ್ತಾನ ಕಾಲು ಅಲ್ಲೇ ತಡವರಿಸಿತು. ಬತೂಲ್ ಹಿಂದಿನಿಂದ ಒಂದು ಸಣ್ಣ ತಳ್ಳು ಕೊಟ್ಟಳು.

ಹಾಜ್ಜಾ ತಾಮು ದವಡೆಗೆ ಬಟ್ಟೆ ಕಟ್ಟಿಕೊಂಡು ನಡುಮನೆಯಲ್ಲಿ ಕೂತಿದ್ದಳು. ಬಂದವರಿಗೆ ಕೂತ್ಕೊಳ್ಳಿ ಅನ್ನಲಿಲ್ಲ. ಬೂಶ್ತಾ ನಿಂತೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ: ಮಾಟ ಅಲ್ಲ, ಸೈಕಲ್ ಸ್ಪ್ರಿಂಗು, ರವೆಯಲ್ಲಿ ಬಿತ್ತು, ರೊಟ್ಟಿಗೆ ಹೋಯಿತು, ತಪ್ಪು ನನ್ನದು, ಹುಡುಗಿಯದಲ್ಲ.

ಹಾಜ್ಜಾ ಕಣ್ಣೊರೆಸಿಕೊಂಡಳು.

“ಎಂಥ ಒಳ್ಳೇ ಮನಸ್ಸು ಮಗಾ ನಿಂದು! ತಂದೆಯಿಲ್ಲದ ಹುಡುಗಿಗೋಸ್ಕರ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡು ಬಂದಿದೀಯಲ್ಲ. ನಿನ್ನೆ ಮಾಟ ಹೊತ್ತವನೂ ನೀನೇ. ನಿನ್ನ ಹೆತ್ತ ಹೊಟ್ಟೆ ತಣ್ಣಗಿರಲಿ. ಆದ್ರೆ ಈ ಮದುವೆ ಆಗಲ್ಲ.”

“ನಿಜವಾಗ್ಲೂ ನಾನೇ ಹಾಜ್ಜಾ!”

“ಅವನ ಮಾತು ನಂಬಬೇಡಿ,” ಹಾಜ್ ಅಭಿಮಾನದಿಂದ ಗಂಟಲು ಸರಿಮಾಡಿಕೊಂಡರು. “ಆ ಲಿವರ್ ನಿನ್ನೆ ಮಧ್ಯಾಹ್ನಕ್ಕೇ ರೆಡಿ ಆಗಿತ್ತು. ಹೊಸದರ ಹಾಗೆ ಟಕ್ ಟಕ್ ಅಂತಿದೆ. ಅವನ ಬಾಯಿಂದಲೇ ಕೇಳಿದೀನಿ.”

ಆ ಕ್ಷಣ ಬೂಶ್ತಾ ಸುಮ್ಮನಾಗಿದ್ದರೆ ಎರಡೂ ದಡದಲ್ಲಿ ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದ.

“ಸುಳ್ಳು ಹೇಳ್ಬಿಟ್ಟಿದ್ದೆ ಹಾಜ್,” ಅಂದ. “ರೆಡಿ ಆಗಿರಲಿಲ್ಲ. ನಿಮ್ಮ ಲಿವರ್ ಇಲ್ಲಿದೆ.” ಮತ್ತು ಟೋಪಿಯನ್ನು ಹಾಜ್ಜಾಳ ಚಹಾ ತಟ್ಟೆಯ ಮೇಲೆ ಸುರಿದ.

ನಲವತ್ತು ವರ್ಷ ತುಳಿದ ಸೈಕಲ್ಲಿನ ಕರುಳು ಕಿತ್ತು ತಟ್ಟೆಯಲ್ಲಿ ಹರಡಿದ್ದನ್ನು ನೋಡಿ ಹಾಜ್ ಮೀಲೂದ್ ಪಕ್ಕದ ಗೋಡೆ ಹಿಡಿದುಕೊಂಡರು. ಹಾಜ್ಜಾ ತಾಮು ಮಾತ್ರ ಬಗ್ಗಿ ಎರಡು ಸ್ಪ್ರಿಂಗುಗಳನ್ನೂ ಎತ್ತಿ ಅಂಗೈ ಮೇಲೆ ಜೊತೆಯಾಗಿ ಇಟ್ಟಳು. ಒಂದು ಹೊಳಪು, ಇನ್ನೊಂದು ಒಲೆಯಲ್ಲಿ ಬೆಂದು ಕಂದು. ಆಕಾರ ಒಂದೇ.

“ಹೂಂ. ಒಂದೇ ತಾಯಿ ಮಕ್ಕಳು,” ಅಂದಳು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ, “ಆದ್ರೆ ಎರಡು ಮಾಟ ಮಾಡ್ಸಿರಬಾರದು ಅಂತ ಏನಿದೆ? ಕೂತ್ಕೊಂಡು ಇಲ್ಲೇ ಜೋಡಿಸು. ಸೈಕಲ್ ಸಾಮಾನೇ ಆದ್ರೆ ಕೆಲಸ ಮಾಡುತ್ತೆ. ಟಕ್ ಅಂದ್ರೆ ಮದುವೆ. ಅನ್ನದೇ ಹೋದ್ರೆ ಎಲ್ಲರೂ ಎದ್ದು ನಡೀರಿ.”

ಯಾ ದೇವರೇ! ಜೀವನದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯದ ಬೂಶ್ತಾನ ಬೆರಳಿನ ತುದಿಯಲ್ಲಿ ಹನೀಯಾಳ ಮದುವೆ ನಿಂತಿತು. ಮನಾನಾ ಆಗಲೇ ಅಳಲು ಶುರುಮಾಡಿದಳು.

ಅವನು ಕೂತ. ಬತೂಲ್ ಫೋನು ಹಿಡಿದು, ಅದರಲ್ಲಿನ ಮನುಷ್ಯ ಹೇಳಿದ್ದನ್ನು ಓದುವ ಹಾಗೆ ಒಂದೊಂದಾಗಿ ಹೇಳತೊಡಗಿದಳು. ಚಕ್ರ ಒಳಗೆ ಹೋಯಿತು, ಬಿಲ್ಲೆ ಹೋಯಿತು, ಸ್ಪ್ರಿಂಗಿನ ಹತ್ತಿರ ಬಂತು. ಕೂರಿಸಿದ, ಜಾರಿತು. ಮತ್ತೆ ಕೂರಿಸಿದ, ಟಿಂಗ್ ಎಂದು ಹಾರಿ ಹೋಯಿತು. ಗಂಡಿನ ಚಿಕ್ಕಪ್ಪ, ಅತ್ತೆಯಂದಿರು, ಕೇಳಲು ಬಂದ ನೆರೆಯವರು ಎಲ್ಲರೂ ಅಂಬೆಗಾಲಿಟ್ಟು ನಡುಮನೆ ಪೂರ್ತಿ ಹುಡುಕಿದರು. ಕೊನೆಗೆ ಜವಾದ್ ಅದನ್ನು ತನ್ನ ಅಮ್ಮನ ಚ‌ಪ್ಪಲಿಯೊಳಗೆ ಕಂಡುಹಿಡಿದ. ಇಡೀ ದಿನದಲ್ಲಿ ಆ ಹುಡುಗ ನಕ್ಕದ್ದು ಅದೇ ಮೊದಲು.

“ಗ್ರೀಸು ಬೇಕು,” ಅಂದ ಬೂಶ್ತಾ, ಹಣೆಯ ಬೆವರು ಒರೆಸಿಕೊಂಡು. “ಅಂಟಿಕೊಂಡು ಕೂರೋ ಹಾಗೆ ದಪ್ಪಗೆ ಏನಾದ್ರೂ. ಇಲ್ಲದಿದ್ರೆ ನಿಲ್ಲಲ್ಲ.”

“ಎಣ್ಣೆ ಇದೆ,” ಅಂದಳು ಹಾಜ್ಜಾ.

“ಎಣ್ಣೆ ಜಾರುತ್ತೆ.”

“ಜೇನುತುಪ್ಪ?”

“ಇರುವೆ ಬರುತ್ತೆ ತಾಯೀ.”

“ಅಯ್ಯೋ, ತಡಿಯಪ್ಪಾ!” ಹಾಜ್ಜಾ ತಾಮುವಿಗೆ ತಾಳ್ಮೆ ಕೆಟ್ಟಿತು. ಎದ್ದು ಉಗ್ರಾಣಕ್ಕೆ ಹೋಗಿ, ಅತಿ ಹಿಂದಿನ ಮೂಲೆಯಿಂದ ಮಣ್ಣಿನ ಜಾಡಿಯೊಂದನ್ನು ಹೊತ್ತು ತಂದು, ಬಾಯಿಗೆ ಹಾಕಿದ್ದ ಮುಚ್ಚಳವನ್ನು ಚಾಕುವಿನಿಂದ ಕಿತ್ತಳು. ಸ್ಮೆನ್! ವರ್ಷಗಟ್ಟಲೆ ಮುಚ್ಚಿಟ್ಟು ಹಳಸಿದ ಬೆಣ್ಣೆ. ಆ ವಾಸನೆಗೆ ಕಿಟಕಿಯ ಮೇಲಿದ್ದ ಬೆಕ್ಕು ಎದ್ದು ನಿಂತಿತು. ಬೂಶ್ತಾ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಒಳಗೆ ಬಳಿದ. ಸ್ಪ್ರಿಂಗುಗಳು ಎರಡೂ ಮೊಸರಲ್ಲಿ ಕೂತ ನೊಣದ ಹಾಗೆ ಅಲ್ಲಾಡದೆ ಕೂತವು. ಬಳೆ ಹಾಕಿದ, ಮುಚ್ಚಿದ, ತಿರುಪು ಬಿಗಿದ. ಅವನಿಗೇ ನಂಬಿಕೆಯಿಲ್ಲದೆ ಲಿವರನ್ನು ಹಾಜ್ ಮೀಲೂದ್ ಕೈಗೆ ಚಾಚಿದ, ಮುಖ ಮೇಲೆತ್ತಲಿಲ್ಲ.

ಹಾಜ್ ಹೆಬ್ಬೆರಳಿಟ್ಟು ಒತ್ತಿದರು.

ಟಕ್.

ಇನ್ನೊಮ್ಮೆ. ಟಕ್. ಟಕ್. ಜಾರಲಿಲ್ಲ. ಹಾಜ್ಜಾ ಅದನ್ನು ಮುದುಕನ ಕೈಯಿಂದ ಕಿತ್ತುಕೊಂಡು ತಾನೇ ಒತ್ತಿ ನೋಡಿದಳು. ಒತ್ತಿದಳು, ಒತ್ತಿದಳು, ಕಿವಿಯ ಹತ್ತಿರ ಹಿಡಿದು ಮತ್ತೆ ಒತ್ತಿದಳು. ಅವಳಿಗೆ ಅದು ಇಷ್ಟವಾಗಿಬಿಟ್ಟಿತ್ತು, ಮುಖ ಗಂಟು ಹಾಕಿಕೊಳ್ಳಲು ಬಹಳ ಕಷ್ಟಪಡುತ್ತಿದ್ದಳು.

“ಟಕ್ ಅಂತು,” ಅಂದಳು ಮನಾನಾ ಮೆಲ್ಲಗೆ.

“ಕೇಳಿಸ್ತು. ನಾನಿನ್ನೂ ಯೋಚನೆ ಮಾಡ್ಬೇಕು.”

“ಯೋಚನೆ ಮಾಡೋದೇನು ಹಾಜ್ಜಾ?” ನಾನು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದೇ ದೊಡ್ಡದು. “ಆ ಜಾಡಿ ಯಾವಾಗಿಂದು?”

“ಜವಾದ್ ಹುಟ್ಟಿದ ವರ್ಷದ್ದು. ಅವನ ಮದುವೆ ದಿನ ತೆಗೆಯೋಣ ಅಂತ…”

ಅಲ್ಲಿಗೆ ನಿಂತಳು. ತೆರೆದ ಜಾಡಿಯನ್ನು ನೋಡಿದಳು, ಕೈಯಲ್ಲಿದ್ದ ಚಾಕುವನ್ನು ನೋಡಿದಳು. ಮಗನ ಮದುವೆಯ ಸ್ಮೆನ್ ಅವಳೇ, ತನ್ನ ಕೈಯಾರೆ, ಹತ್ತು ಜನರ ಎದುರಿಗೆ ತೆಗೆದಾಗಿತ್ತು. ಒಮ್ಮೆ ತೆರೆದ ಜಾಡಿಯನ್ನು ಇನ್ನೊಂದು ಮದುವೆಗೆಂದು ಮುಚ್ಚಿಡುವ ಹೆಂಗಸು ನಮ್ಮ ಊರಿನಲ್ಲಿಲ್ಲ. ಅವಳ ಹೊಟ್ಟೆ ಮೊದಲು ಅಲ್ಲಾಡಿತು, ಆಮೇಲೆ ದವಡೆಗೆ ಕಟ್ಟಿದ ಬಟ್ಟೆ ಜಾರಿ ಬಿತ್ತು, ಆಮೇಲೆ ಆ ಹೆಂಗಸು ನಕ್ಕಳು ನೋಡಿ! ಹಾಜ್ಜಾ ತಾಮುವಿಗೆ ಒಳಗಡೆ ಅಷ್ಟು ನಗು ಇದ್ದದ್ದು ಅವಳ ಮಗನಿಗೂ ಗೊತ್ತಿರಲಿಲ್ಲ.

“ಏಯ್ ಜವಾದ್, ಹಲ್ಲು ಕಿರೀತಾ ನಿಂತಿದೀಯಲ್ಲ, ಸಕ್ಕರೆ ಎತ್ತೋ!”

ಸಕ್ಕರೆ ಗೋಪುರಗಳು ಮತ್ತೆ ಸೇತುವೆ ದಾಟಿದವು. ನೀಲಿ ಕಾಗದ ಅಷ್ಟೊತ್ತಿಗೆ ಹರಿದು ಹೋಗಿತ್ತು, ಯಾರೂ ಅದನ್ನು ನೋಡಲಿಲ್ಲ. ಹನೀಯಾ ಬಾಗಿಲಲ್ಲಿ ನಿಂತಿದ್ದಳು, ನಿನ್ನೆಯ ಹಸಿರು ಕಾಫ್ತಾನಿನಲ್ಲೇ. ಬೂಶ್ತಾ ತಲೆ ತಗ್ಗಿಸಿ ಅವಳ ಮುಂದೆ ಹಾದುಹೋಗಲು ನೋಡಿದ, ಅವಳು ಅವನ ಕೈ ಹಿಡಿದು ಮುತ್ತಿಟ್ಟು, “ಥೂ, ಏನು ವಾಸನೆ!” ಅಂದಳು. ಅತ್ತೂ ಅತ್ತೂ ಊದಿದ ಮುಖದಲ್ಲಿ ನಗುತ್ತಿದ್ದಳು. ಫಾತಿಹಾ ಓದುವಾಗ ಫಕೀ ಬೂಶ್ತಾನಿಂದ ಸ್ವಲ್ಪ ದೂರ ಕೂತ.

ಹಾಜ್ ಮೀಲೂದ್ ಮಾತ್ರ ಆ ದಿನ ಅಳಿಯನೊಂದಿಗೆ ಒಂದು ಮಾತೂ ಆಡಲಿಲ್ಲ. ಲಿವರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದರು. ಬೂಶ್ತಾ ಬಾಗಿಲಿನ ತನಕ ಹೋಗಿ ನಿಂತು ನೋಡಿದ, ಅವರು ತಿರುಗಲಿಲ್ಲ.

ಭಾನುವಾರ ಬಿಳಿ ಕಾಲುಚೀಲದ ಮುದುಕರೆಲ್ಲ ಏರು ಹತ್ತಿದರು. ಆಮೇಲೆ ಊರಿನಲ್ಲಿ ಕೇಳಿದ್ದು ಹೀಗೆ: ಗೇರು ಒಂದು ಸಲವೂ ಜಾರಲಿಲ್ಲವಂತೆ. ಬಿಸಿಲು ಏರಿದ ಹಾಗೆ ಸ್ಮೆನ್ ಕರಗಿ, ದಾರಿಯ ಪ್ರತಿ ಹಳ್ಳಿಯ ನಾಯಿಯೂ ಹಾಜ್ ಅವರ ಸೈಕಲ್ಲಿನ ಹಿಂದೆ ಬಿತ್ತಂತೆ. ನಾಯಿಗಳಿಂದ ತಪ್ಪಿಸಿಕೊಳ್ಳಲು ತುಳಿದ ಭರಕ್ಕೆ ಹಾಜ್ ಎಲ್ಲರಿಗಿಂತ ಮೊದಲು ಮೇಲೆ ತಲುಪಿದರಂತೆ. “ಏನ್ರೀ ಹಾಜ್, ಸೈಕಲ್ಲಿಗೆ ಸ್ಮೆನ್ ಬೆರೆಸಿದ ಕುಸ್ಕುಸ್ ತಿನ್ನಿಸಿದೀರಾ?” ಅಂತ ಗೆಳೆಯರು ಮೂಗು ಮುಚ್ಚಿಕೊಂಡು ಕೇಳಿದ್ದಕ್ಕೆ ಏನು ಹೇಳಿದರೋ ನಮಗೆ ತಿಳಿಯಲಿಲ್ಲ.

ಮರುದಿನ ಸಂಜೆ ಓಣಿಯಲ್ಲಿ ಯಾರೋ ಗಟ್ಟಿಯಾಗಿ ಕೂಗಿದರು.

“ಬೂಶ್ತಾ! ಬೂಶ್ತಾ ಇದ್ದಾನಾ ಮನೇಲಿ?”

ಬತೂಲ್ ಒಳಗಿನಿಂದಲೇ, “ಯಾರು ಬಂದಿರೋದು?” ಅಂದಳು. ಹೆತ್ತ ಮಗಳಿಗೇ ಗುರುತು ಸಿಗಲಿಲ್ಲ. ಆ ಗಂಟಲಿನಿಂದ ಆ ಹೆಸರು ಯಾವತ್ತೂ ಬಂದಿರಲಿಲ್ಲವಲ್ಲ. ನಾನು ಕಿಟಕಿಯಿಂದ ನೋಡಿದೆ. ಹಾಜ್ ಮೀಲೂದ್ ಎಡಗೈ ಲಿವರನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡು ನಿಂತಿದ್ದರು.

“ಇದೂ ಜಾರೋಕೆ ಶುರುವಾಗಿದೆ ಬೂಶ್ತಾ,” ಅಂದರು. “ಅವಸರ ಏನಿಲ್ಲ. ಆಗದೇ ಇದ್ರೆ ಆಗಲಿಲ್ಲ ಅಂತ ಹೇಳು.”

ಬೂಶ್ತಾ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ‘ಇದೇನು ಮ…’ ಅಂತ ಬಾಯಿ ತೆರೆದ. ಅಷ್ಟರಲ್ಲಿ ಬತೂಲ್‌ಳ ಮುಖ ಕಂಡಿತು, ಬಾಯಿ ಮುಚ್ಚಿದ.

ಬತೂಲ್ ಒಳಗೆ ಹೋಗಿ, ರೊಟ್ಟಿ ಹಲಗೆಯನ್ನು ಎತ್ತಿಕೊಂಡು ಬಂದು, ಓಣಿ ದಾಟಿ ನನ್ನ ಮನೆಯಲ್ಲಿಟ್ಟಳು. ಇವತ್ತಿಗೂ ಅದು ನನ್ನ ಮಂಚದ ಕೆಳಗೇ ಇದೆ. ಅವಳು ದಿನಾ ಬೆಳಗ್ಗೆ ಹಿಟ್ಟು ತಂದು ಇಲ್ಲೇ ತಟ್ಟುತ್ತಾಳೆ.